ಕಾಣುವುದೂ ನೋಡುವುದೂ

ಕಣ್ಣಿನ ವ್ಯಾಪಾರವನ್ನು ಹೇಳಲು ಕನ್ನಡದಲ್ಲಿ ಮುಖ್ಯವಾದ ಧಾತುಗಳು ಮೂರು: ನೋಡು, ಕಾಣು, ತೋರು. ನಿತ್ಯದ ಮಾತಿನಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದು ಬಂದು ನಿಲ್ಲುವುದುಂಟು. ಆದಕಾರಣ ಮೂರರ ಅರ್ಥವೂ ಒಂದೇ ಎಂದು ಭಾವಿಸಿ ಹಳೆಯ ಕಾವ್ಯಗಳನ್ನೂ ವಚನಗಳನ್ನೂ ಓದುವವರು ಬಹಳ ಮಂದಿ. ಇದರಿಂದ ಆಗುವ ನಷ್ಟವು ಅಲ್ಪವಲ್ಲ. ಶಿಕಾರಿಪುರ ಸೀಮೆಯ ಇಬ್ಬರು ಮಹಾನುಭಾವರಾದ ಬಳ್ಳಿಗಾವಿಯ ಅಲ್ಲಮಪ್ರಭು, ಉಡುತಡಿಯ ಮಹಾದೇವಿಯಕ್ಕ ಇವರ ಚರಿತ್ರೆಯ ತಿರುಳು ಈ ಮಾತುಗಳ ಭೇದದಲ್ಲಿಯೇ ಅಡಗಿರುವುದು.

ನೋಡುವುದು ಮನುಷ್ಯನ ಪ್ರಯತ್ನ. ಕಾಣುವುದು ಆ ಪ್ರಯತ್ನಕ್ಕೆ ಒದಗುವ ಫಲ. ‘ನೋಡಿದೆನು, ಆದರೆ ಕಾಣಲಿಲ್ಲ’ ಎಂದರೆ ಕೇಳಿದವರಾರೂ ಬೆರಗಾಗರು. ಕಾಣು ಧಾತುವಿಗೆ ಇನ್ನೊಂದು ವಿಶೇಷವುಂಟು. ದಾರಿಗನು ಬೆಟ್ಟವನ್ನು ಕಂಡನು. ದಾರಿಗನಿಗೆ ಬೆಟ್ಟವು ಕಂಡಿತು. ಕರ್ತೃವು ಬದಲಾದರೂ ಕ್ರಿಯಾಪದವು ಬದಲಾಗಲಿಲ್ಲ. ಕಾಣುವವನಿಗೂ ಕಾಣುವ ವಸ್ತುವಿಗೂ ಭಾಷೆಯು ಒಂದೇ ಮಾತನ್ನು ಹಂಚಿಕೊಟ್ಟಿದೆ. ಇದರ ನಿಷೇಧರೂಪವಾದ ‘ಕಾಣೆ’ ಎಂಬುದಕ್ಕೆ ಅರಿಯೆನೆಂದೂ ಅರ್ಥವಾಗುವುದು. ಕಳೆದುಹೋದ ವಸ್ತುವನ್ನು ‘ಕಾಣೆಯಾಯಿತು’ ಎನ್ನುವರು. ವಸ್ತುವು ಎಲ್ಲಿಯೋ ಇದ್ದೇ ಇದೆ. ಕೊರತೆಯಿರುವುದು ಹುಡುಕುವವನ ಅರಿವಿನಲ್ಲಿ. ಹಿರಿಯರನ್ನು ಕಾಣಲು ಹೋದಾಗ ಒಪ್ಪಿಸುವುದಕ್ಕೆ ಕಾಣಿಕೆಯೆಂದು ಹೆಸರು. ಕೈಯಲ್ಲಿ ಏನಾದರೂ ಹಿಡಿದು ವಿನಯದಿಂದ ಹೋಗಬೇಕಾದ ಕಾರ್ಯವದು. ತೋರು ಎಂಬುದಕ್ಕೆ ಮಾತ್ರ ಎರಡು ಮುಖ: ದಾರಿಯನ್ನು ತೋರುವುದು ಪುಣ್ಯಕಾರ್ಯ, ತೋರಿಕೆಯು ಬರಿಯ ಸೋಗು.

ಸಂಸ್ಕೃತದಿಂದ ಬಂದ ‘ಗೋಚರ’ ಎಂಬ ಮಾತೂ ವಿಚಾರಾರ್ಹವಾಗಿದೆ. ಹಸುಗಳು ಮೇಯುತ್ತ ಸಂಚರಿಸುವ ಎಲ್ಲೆ ಎಂಬುದು ಅದರ ಮೂಲಾರ್ಥ. ಇಂದ್ರಿಯಗಳ ಎಲ್ಲೆ ಎಂಬುದು ಅನಂತರದ್ದು. ಆದುದರಿಂದ ಅಗೋಚರವೆಂದರೆ ಎಲ್ಲೆಯ ಆಚೆಗಿನದೇ ಹೊರತು ಇಲ್ಲದುದೆಂದಲ್ಲ. ಸೊರಬದ ಐತಿಹ್ಯವು ಈ ಮಾತಿಗೆ ಬರೆದ ವ್ಯಾಖ್ಯಾನದಂತಿದೆ. ಕಣ್ಮರೆಯಾಗಿದ್ದ ರಂಗನಾಥನ ವಿಗ್ರಹದ ಮೇಲೆ ಸುರಭಿಯೆಂಬ ಹಸುವು ದಿನವೂ ಹಾಲು ಕರೆಯುತ್ತಿದ್ದಿತೆಂದೂ, ಸುರಭಿಯ ಹೆಸರೇ ಸೊರಬವಾಯಿತೆಂದೂ ಜನರು ಹೇಳುವರು. ಮನುಷ್ಯರಿಗೆ ಅಗೋಚರವಾದುದು ಗೋವಿಗೆ ಗೋಚರವಾಗಿದ್ದಿತು! ಅದೇ ತಾಲ್ಲೂಕಿನ ಚಂದ್ರಗುತ್ತಿಯ ಹೆಸರನ್ನು ಚಂದ್ರಗುಪ್ತಿಯೆಂದು ಬಿಡಿಸಿ, ಚಂದ್ರನನ್ನೇ ಮರೆಮಾಡುವಷ್ಟು ಎತ್ತರದ ಬೆಟ್ಟವೆಂದು ಅರ್ಥ ಹೇಳುವುದುಂಟು. ಗುಪ್ತಿಯೆಂದರೆ ಮರೆಮಾಡುವುದು, ಕಾಪಾಡುವುದೆಂದೂ ಅರ್ಥ. ಅಡಗಿಸಿಟ್ಟುದೆಲ್ಲವೂ ಕಳ್ಳತನವಲ್ಲವೆಂಬ ತಿಳಿವು ಈ ಒಂದು ಪದದಲ್ಲಿದೆ.

ಈ ತಿಳಿವನ್ನು ಕಾವ್ಯವಾಗಿ ಮಾಡಿದವನು ಹರಿಹರ. ಅವನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಬಳ್ಳಿಗಾವಿಯ ಮದ್ದಳೆಗಾರ. ಪ್ರಿಯಪತ್ನಿಯಾದ ಕಮಲತೆಯು ಜ್ವರದಿಂದ ಮಡಿದ ಮೇಲೆ ಮತಿಗೆಟ್ಟು ಅಲೆಯುತ್ತಾನೆ. ಒಂದು ತೋಟದಲ್ಲಿ ಕುಳಿತು ಸುಮ್ಮನೆ ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನ ಕಳಸವೊಂದು ಮಣ್ಣಿನಿಂದ ತಲೆಯೆತ್ತುತ್ತದೆ. ಅಗೆಯಿಸಿದರೆ ದೇಗುಲ, ಒಳಹೊಕ್ಕರೆ ಅಂಗೈಯಲ್ಲಿ ಲಿಂಗವನ್ನು ಹಿಡಿದು ಕುಳಿತ ಅನಿಮಿಷಯೋಗಿ. ಅಲ್ಲಮನು ಆಗ ಏನನ್ನೂ ನೋಡುತ್ತಿರಲಿಲ್ಲ. ನೋಡಬೇಕೆಂಬ ಆಸೆಯೇ ಅವನಲ್ಲಿ ಸತ್ತಿದ್ದಿತು. ಆ ಗಳಿಗೆಯಲ್ಲಿಯೇ ಕಂಡಿತು. ಹೀಗೆ ಕಾಣಿಸಿಕೊಂಡ ಗುರುವಿನ ಹೆಸರಾದರೂ ರೆಪ್ಪೆಯಿಕ್ಕದವನು ಎಂದು! ನೋಟವು ನಿಂತುಹೋದವನಿಗೆ ಎವೆಯಿಕ್ಕದ ಕಣ್ಣು ದೊರೆಯಿತೆಂಬುದನ್ನು ಹರಿಹರನು ಉಪದೇಶದ ಒಂದು ಮಾತೂ ಇಲ್ಲದೆ ಕಥೆಯ ನಡೆಯಿಂದಲೇ ತಿಳಿಸಿದ್ದಾನೆ. ಅಲ್ಲಮನು ತನ್ನ ವಚನಗಳಿಗೆ ಗುಹೇಶ್ವರನೆಂಬ ಅಂಕಿತವನ್ನಿಟ್ಟುದು ಈ ಕಥೆಗೆ ಎಷ್ಟು ಒಪ್ಪುತ್ತದೆ!

ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಬೇರೆ ದಾರಿ ಹಿಡಿದನು. ಅವನ ಅಲ್ಲಮನಿಗೆ ಮನುಷ್ಯದುಃಖವಿಲ್ಲ. ಬನವಾಸಿಯಲ್ಲಿ ಮದ್ದಳೆ ಬಾರಿಸುತ್ತ ಮಾಯೆಯ ಕಣ್ಣಿಗೆ ಬೀಳುತ್ತಾನೆ, ಕೈಗೆ ಸಿಕ್ಕುವುದಿಲ್ಲ. ಗೋರಕ್ಷನ ಕತ್ತಿಯು ಅವನ ದೇಹವನ್ನು ಬಯಲನ್ನು ಹಾಯ್ದಂತೆ ಹಾಯುತ್ತದೆ. ಇಲ್ಲಿಯ ಚಮತ್ಕಾರವು ದೊಡ್ಡದು. ಆದರೆ ಚಾಮರಸನದು ತೋರುವ ಅಲ್ಲಮ, ಹರಿಹರನದು ಕಾಣುವ ಅಲ್ಲಮ. ಕಾಣುವುದಕ್ಕೆ ತೆರಬೇಕಾದ ಬೆಲೆಯು ಹರಿಹರನಲ್ಲಿ ಮಾತ್ರ ಓದುಗರ ಎದೆಗೆ ತಟ್ಟುವುದು.

ಮಹಾದೇವಿಯಕ್ಕನ ಕಥೆಯು ಇದರ ಇನ್ನೊಂದು ಮಗ್ಗುಲು. ಅವಳ ಕಷ್ಟವೆಲ್ಲವೂ ಅರಸನಾದ ಕೌಶಿಕನು ಅವಳನ್ನು ನೋಡಿದುದರಿಂದ ಆರಂಭವಾಯಿತು. ಅವನು ನೋಡಿದನು, ಕೊನೆಯವರೆಗೂ ಕಾಣಲಿಲ್ಲ. ಅವಳು ಉಟ್ಟುದನ್ನು ತೊರೆದು ಹೊರಟಳು. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅವಳನ್ನು ಕೇಳುವ ಪ್ರಶ್ನೆ ಕಠೋರವಾದುದು: ಸೀರೆಯನ್ನು ಬಿಟ್ಟವಳಿಗೆ ಕೂದಲಿನ ಮರೆಯೇಕೆ? ನೋಡುವವರಿಗೆ ನೋವಾದೀತೆಂಬ ಕರುಣೆಯಿಂದ ಎಂಬುದು ಅವಳ ಉತ್ತರದ ಭಾವ. ನಾಚಿಕೆಯಿಂದಲ್ಲ, ಅನುಕಂಪದಿಂದ ಮರೆಮಾಡಿಕೊಂಡಳು. ಗುಪ್ತಿಯೆಂಬ ಪದದ ಎರಡು ಅರ್ಥಗಳೂ ಇಲ್ಲಿ ಕೂಡಿಬಂದಿವೆ.

ಇಲ್ಲಿ ‘ಬಯಲು’ ಎಂಬ ಮಾತನ್ನು ಎಚ್ಚರಿಕೆಯಿಂದ ಹಿಡಿಯಬೇಕು. ಗುಟ್ಟು ಹೊರಬಿದ್ದರೆ ಬಯಲಾಯಿತೆನ್ನುವರು. ಶರಣರು ಲಿಂಗದಲ್ಲಿ ಐಕ್ಯರಾದರೂ ಬಯಲಾದರೆನ್ನುವರು. ತಾನಾಗಿ ಬಯಲಾಗುವುದು ಒಂದು, ಅನ್ಯರು ಬಯಲಿಗೆಳೆಯುವುದು ಮತ್ತೊಂದು. ಭಾಷೆಯು ಇವೆರಡಕ್ಕೂ ಬೇರೆಬೇರೆ ಕ್ರಿಯಾಪದಗಳನ್ನು ಕೊಟ್ಟಿದೆ; ಜನರು ಮರೆಯುತ್ತಾರೆ. ಚಂದ್ರಗುತ್ತಿಯ ಬೆಟ್ಟದಲ್ಲಿ ರೇಣುಕಾಂಬೆಯು ಗವಿಯಲ್ಲಿ ನೆಲಸಿದ್ದಾಳೆ. ಅವಳಿಗೆ ಭಕ್ತರು ಬೆತ್ತಲೆಯಾಗಿ ಹರಕೆ ಸಲ್ಲಿಸುವ ಪದ್ಧತಿಯಿದ್ದಿತು. 1986ರ ಜಾತ್ರೆಯಲ್ಲಿ ಅದನ್ನು ತಡೆಯಲು ಹೋದವರಿಗೂ ಭಕ್ತಸಮೂಹಕ್ಕೂ ಘರ್ಷಣೆಯಾಗಿ, ತಡೆಯಲು ಬಂದವರನ್ನೂ ಪೊಲೀಸರನ್ನೂ ಗುಂಪು ವಿವಸ್ತ್ರಗೊಳಿಸಿತು. ಅನಂತರ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ಈ ಪದ್ಧತಿಯನ್ನೂ ಅಕ್ಕನ ದಿಗಂಬರತ್ವವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭ, ಆದರೆ ನ್ಯಾಯವಲ್ಲ. ಹರಕೆ ಹೊತ್ತವಳು ದೇವಿಗೆ ಮಾತ್ರ ಕಾಣಿಸಿಕೊಳ್ಳಬಯಸಿರಬಹುದು. ಬಡತನವೂ ಭಯವೂ ಆ ಹರಕೆಯ ಹಿಂದೆ ಇದ್ದಿರಬಹುದು. ಸುತ್ತ ನಿಂತ ಸಹಸ್ರ ಕಣ್ಣುಗಳು ಮಾಡಿದುದು ನೋಡುವ ಕೆಲಸವನ್ನು. ಅಕ್ಕನ ನಡೆಯಲ್ಲಿದ್ದ ಸ್ವಾತಂತ್ರ್ಯವು ಅಲ್ಲಿರಲಿಲ್ಲ; ಕೌಶಿಕನ ಕಣ್ಣು ಮಾತ್ರ ಇದ್ದಿತು. ಇತರರ ಬಟ್ಟೆಗೆ ಗುಂಪು ಕೈಹಾಕಿದ ಕ್ಷಣದಲ್ಲಂತೂ ಬಯಲಿಗೆಳೆಯುವುದೆಂಬ ಮಾತಿಗೆ ಲಕ್ಷಣಾರ್ಥವು ಅಳಿದು ವಾಚ್ಯಾರ್ಥವೇ ಉಳಿಯಿತು.

ಪದಗಳ ಭೇದವನ್ನು ಕಾಯುವುದು ಪಂಡಿತರ ವಿನೋದವೆಂದು ಕೆಲವರು ತಿಳಿದಿರುವರು. ಬಳ್ಳಿಗಾವಿಯ ತೋಟದಲ್ಲಿ ಮಣ್ಣಿನಿಂದ ಮೇಲೆದ್ದ ಕಳಸವೂ, ಉಡುತಡಿಯ ಹೆಣ್ಣುಮಗಳ ಕೂದಲಿನ ಮರೆಯೂ ಬೇರೆಯೇ ಮಾತನ್ನು ಹೇಳುತ್ತವೆ. ನೋಡುವ ಹಕ್ಕನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಲ್ಲರು. ಕಾಣುವುದಕ್ಕೆ ಮಾತ್ರ ಎದುರಿಗಿರುವುದು ಒಪ್ಪಬೇಕು.