ಜಡೆ ಯಾರ ತಲೆಗೆ ಬರುತ್ತದೆ?

ಮಿರ್ಚಾ ಎಲಿಯಾಡೆ ಶಾಮನರ ಬಗ್ಗೆ 1951ರಲ್ಲಿ ಪ್ರಕಟಿಸಿದ ಪುಸ್ತಕ ಜಾನಪದ ಓದುವವರಿಗೆ ಈಗಲೂ ದೊಡ್ಡ ಪುಸ್ತಕ. ನಾವೂ ಓದಿದೆವು. ಮೈಮರೆತು ದೈವಗಳ ಕೂಡ ಮಾತಾಡಿ ಜಡ್ಡು ಬಿಡಿಸುವವನನ್ನು ಸೈಬೀರಿಯಾದ ತುಂಗುಸ್ ಜನ ಶಾಮನ ಎಂದು ಕರೆದರು. ಮೊದಲು ಅವನಿಗೇ ಜಡ್ಡು ಬರುತ್ತದೆ. ಅದನ್ನು ಗೆದ್ದೆದ್ದವನು ಇತರರನ್ನು ಗುಣಪಡಿಸುತ್ತಾನೆ. ಎಲಿಯಾಡೆಗೆ ಈ ಜಡ್ಡು ದೈವದ ಕರೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಿಗೆ ಇದೇನು ಹೊಸ ಸುದ್ದಿಯಲ್ಲ. ಸವದತ್ತಿ ಎಲ್ಲವ್ವನ ಕಥೆಯೇ ಇದು. ಗಂಡ ಜಮದಗ್ನಿಯ ಶಾಪದಿಂದ ಚರ್ಮರೋಗ ಹತ್ತಿ, ಎಕ್ಕಯ್ಯ ಜೋಗಯ್ಯರಿಂದ ಗುಣವಾಗಿ ಆಕೆ ಎಲ್ಲರ ಅವ್ವನಾದಳು. ಜನ ಇಂದಿಗೂ ಜೋಗುಳಬಾವಿಯಲ್ಲಿ ಮೀಯುತ್ತಾರೆ. ಹೋಲಿಕೆ ಭಾಳ ಚಂದ ಐತಿ ಅಂತ ಪಂಡಿತರು ಇಲ್ಲಿಗೇ ನಿಲ್ಲುತ್ತಾರೆ. ನಮ್ಮ ತಕರಾರು ಇಲ್ಲಿಂದಲೇ ಶುರು.

ಈ ಕರೆ ಯಾರ ಮನೆಗೆ ಬರುತ್ತದೆ? ಹುಡುಗಿಯ ಕೂದಲು ಗಂಟಾದರೆ 'ಜಡಿ ಬಂದೈತಿ, ಅವ್ವ ಒಲಿದಾಳ' ಅಂತಾರೆ. ಎಣ್ಣೆಗೆ ಕಾಸಿಲ್ಲದ, ಊರ ಬಾವಿ ಮುಟ್ಟಗೊಡದಿದ್ದ ಕೇರಿಯಲ್ಲಿ ಕೂದಲು ಗಂಟಾಗದೆ ಇನ್ನೇನಾಗಬೇಕಿತ್ತು? ಮನೆಯಲ್ಲಿ ಮೇಲಿಂದ ಮೇಲೆ ಜಡ್ಡು ಬಿದ್ದರೂ ಅದೇ ಮಾತು: ಮಗಳನ್ನ ದೇವರಿಗೆ ಬಿಡ್ರಿ, ಮುತ್ತು ಕಟ್ರಿ. ಗೌಡರ ಮಗಳ ತಲೆಯಲ್ಲೂ ಹೇನು ಇರುತ್ತವೆ. ಆಕೆಗೆ ಬಾಚಣಿಗೆ ಸಿಗುತ್ತದೆ. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಆಕೆ ಊರಿನ ಉಳ್ಳವರ ಪಾಲು. ಇದನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಆಯಿತು. ಆದರೂ 2007-08ರವರೆಗಿನ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು ಒಟ್ಟು 46,660. ಹೆಚ್ಚಿನವರು ದಲಿತರು. ಕರೆಯುವ ದೈವಕ್ಕೆ ಕೇರಿಯ ವಿಳಾಸ ಇಷ್ಟು ಬಾಯಿಪಾಠ ಹೇಗಾಯಿತು ಎಂಬ ಪ್ರಶ್ನೆ ಎಲಿಯಾಡೆಗೆ ಹೊಳೆಯಲೇ ಇಲ್ಲ. 1928ರಿಂದ 1931ರವರೆಗೆ ಭಾರತದಲ್ಲೇ ಇದ್ದ ಮನುಷ್ಯ!

ಹಾಗಂತ ಮೂಢನಂಬಿಕೆ ಎಂದು ನಕ್ಕುಬಿಡುವ ಗೆಳೆಯರ ಜೊತೆಗೂ ನಾವಿಲ್ಲ. ಐ.ಎಂ. ಲೂಯಿಸ್ 1971ರ ಪುಸ್ತಕದಲ್ಲಿ ಸೋಮಾಲಿ ಹೆಂಗಸರ ಬಗ್ಗೆ ಬರೆದಿದ್ದಾನೆ. ಗಂಡನ ಮುಂದೆ ಬಾಯಿ ತೆರೆಯಲಾಗದವರು ಮೈಮೇಲೆ ಬಂದಾಗ ಹೊಸ ಬಟ್ಟೆ, ಅತ್ತರು, ರುಚಿಯಾದ ಊಟ ಕೇಳುತ್ತಾರೆ. ಅವನಿಗೆ ಅದು ಬಲವಿಲ್ಲದವರ ಪ್ರತಿಭಟನೆ. ನಮ್ಮ ಕಡೆಯೂ ಕೊಡ ಹೊತ್ತ ಜೋಗತಿ ಮೈದುಂಬಿದಾಗ ಗೌಡನನ್ನು 'ಏ ಮಗನ' ಅಂತ ಕರೀತಾಳೆ. ಅವನು ಭಂಡಾರಕ್ಕೆ ಹಣೆ ಒಡ್ಡುತ್ತಾನೆ. ಆಗ ಆಕೆ ಆಡುವ ಮಾತು ನಮಗೆ ಎಷ್ಟೋ ನವ್ಯ ಕವಿತೆಗಳಿಗಿಂತ ದೊಡ್ಡದು. ಆದರೆ ಅವ್ವ ಇಳಿದ ಮೇಲೆ ಅದೇ ಗೌಡ ಆಕೆಯ ಪಡಲಗಿಗೆ ಹೊಸ್ತಿಲಾಚೆಯಿಂದಲೇ ಜೋಳ ಹಾಕಿಸುತ್ತಾನೆ. ಲೂಯಿಸ್ ಹೇಳುವ ಪ್ರತಿಭಟನೆಗೆ ಇಲ್ಲಿ ಒಂದು ತುಂಡು ಹೊಲವೂ ದಕ್ಕಿಲ್ಲ.

ಹಳ್ಳಿಯ ಮಾಸ್ತರರೇ, ಭಾರತ ಹುಣ್ಣಿಮೆ ಜಾತ್ರೆ ಮುಗಿದ ವಾರ ಹಾಜರಿ ಕೂಗುವಾಗ ಯಾವ ಹುಡುಗಿ ಓಗೊಡಲಿಲ್ಲ ಅಂತ ನೋಡಿರಿ. ಆ ದಿನವೇ ಆಕೆಯ ಮನೆಗೆ ಹೋಗಿರಿ.