ಉದ್ದ ಮೂತಿಯ ಮನೆತನ

1964ರ ಮೇ ತಿಂಗಳು. ಸುಜುಕಾದಲ್ಲಿ ಎರಡನೆಯ ಜಪಾನ್ ಗ್ರ್ಯಾಂಡ್ ಪ್ರಿ. ಪ್ರಿನ್ಸ್ ಎಂಬ ಸಣ್ಣ ಕಂಪನಿಗೆ ರೇಸಿಗಿಳಿಸಲು ಒಂದು ಗಟ್ಟಿ ಕಾರು ಬೇಕಿತ್ತು. ಅವರ ಬಳಿ ಇದ್ದದ್ದು ಸ್ಕೈಲೈನ್, ನಾಲ್ಕು ಸಿಲಿಂಡರಿನ ಸಂಸಾರವಂದಿಗರ ಕಾರು. ತಮ್ಮದೇ ದೊಡ್ಡ ಕಾರು ಗ್ಲೋರಿಯಾದ ಆರು ಸಿಲಿಂಡರ್ ಇಂಜಿನನ್ನು ತಂದು ಕೂರಿಸಲು ನೋಡಿದರು, ಹಿಡಿಸಲಿಲ್ಲ. ಇಂಜಿನನ್ನು ಬಿಟ್ಟುಕೊಡುವ ಬದಲು ಕಾರಿನ ಮೂತಿಯನ್ನೇ 200 ಮಿಲಿಮೀಟರ್ ಉದ್ದ ಮಾಡಿದರು. ರೇಸು ಗೆದ್ದದ್ದು ಪೋರ್ಷೆ 904. ಆದರೆ ತೆತ್ಸು ಇಕುಜಾವಾ ಒಂದು ಸುತ್ತಿನ ಮಟ್ಟಿಗೆ ಸ್ಕೈಲೈನನ್ನು ಆ ಪೋರ್ಷೆಯ ಮುಂದೆ ಓಡಿಸಿದ್ದನ್ನು ಜಪಾನಿನ ಜನ ಗೆಲುವಿಗಿಂತ ಹೆಚ್ಚು ನೆನಪಿಟ್ಟುಕೊಂಡರು. 1966ರಲ್ಲಿ ಪ್ರಿನ್ಸ್ ಕಂಪನಿ ನಿಸ್ಸಾನಿನಲ್ಲಿ ವಿಲೀನವಾದಾಗ ಈ ಹಟವೂ ಬಳುವಳಿಯಾಗಿ ಬಂತು.

ಈ ಹಟದ ಕೊನೆಯ ದೊಡ್ಡ ಸಂತಾನ ನಿಸ್ಸಾನಿನ ಆರ್‌ಬಿ ಇಂಜಿನ್‌ಗಳು. ಅವುಗಳ ಬಗ್ಗೆ ಇಂದು ಕೇಳಿಬರುವ ಹೊಗಳಿಕೆಯ ಮುಕ್ಕಾಲು ಪಾಲು ಆರ್‌ಬಿ26 ಎಂಬ ಒಂದೇ ಕುಡಿಗೆ ಸಲ್ಲುತ್ತದೆ. ಅದೂ ಒಂದು ತಪ್ಪು ಕಾರಣಕ್ಕೆ: ಯಾವ ಲೆಕ್ಕಕ್ಕೂ ಸಿಗದ, ಮಿತಿಯೇ ಇಲ್ಲದ ಇಂಜಿನ್ ಎಂದು. ನನ್ನ ಮಟ್ಟಿಗೆ ಆರ್‌ಬಿ26ರಷ್ಟು ಲೆಕ್ಕ ಹಾಕಿ ಹುಟ್ಟಿಸಿದ ಇಂಜಿನ್ ಇನ್ನೊಂದಿಲ್ಲ.

ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೇಕೆ? ಒಂದು ಮತ್ತು ಆರನೆಯ ಪಿಸ್ಟನ್ ಜೊತೆಜೊತೆಗೆ ಏರಿಳಿಯುತ್ತವೆ, ಹಾಗೆಯೇ ಎರಡು ಮತ್ತು ಐದು, ಮೂರು ಮತ್ತು ನಾಲ್ಕು. ಈ ಮೂರು ಜೋಡಿಗಳು ಕ್ರ್ಯಾಂಕ್‌ಶಾಫ್ಟಿನ ಮೇಲೆ 120 ಡಿಗ್ರಿ ಅಂತರದಲ್ಲಿ ಕೂತಿರುವುದರಿಂದ ಒಂದರ ತುಳಿತವನ್ನು ಉಳಿದವು ಅಲ್ಲಲ್ಲೇ ರದ್ದು ಮಾಡುತ್ತವೆ. ನಾಲ್ಕು ಸಿಲಿಂಡರಿನಲ್ಲಿ ಉಳಿದುಬಿಡುವ ಎರಡನೆಯ ದರ್ಜೆಯ ನಡುಕವೂ ಇಲ್ಲಿಲ್ಲ. ಅದನ್ನು ಅಡಗಿಸಲು ಬ್ಯಾಲೆನ್ಸ್ ಶಾಫ್ಟಿನಂಥ ಉಪಾಯವೂ ಬೇಡ. ನಮ್ಮಲ್ಲಿ ಇದರ ರುಚಿ ಕಂಡವರು ಜೋಂಗಾ ಓಡಿಸಿದವರು. ಜಬಲ್ಪುರದಲ್ಲಿ ಸೈನ್ಯಕ್ಕೆಂದು ತಯಾರಾದ ಆ ಗಾಡಿ ನಿಸ್ಸಾನ್ ಪಟ್ರೋಲಿನದೇ ರೂಪ. ಅದರೊಳಗಿದ್ದದ್ದು 3,956 ಸಿ.ಸಿ.ಯ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್. ಹರಾಜಿನಲ್ಲಿ ಕೊಂಡವರಲ್ಲಿ ಅನೇಕರು ಅದರ ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಮೂಲ ಇಂಜಿನನ್ನೇ ಉಳಿಸಿಕೊಂಡವರ ಜೋಂಗಾ, ಮೈಯೆಲ್ಲ ತಗಡಿನ ಸದ್ದಾದರೂ, ನಿಂತಲ್ಲಿ ಗುನುಗುವಾಗ ಮಾತ್ರ ತಂಬೂರಿ. ಆರ್‌ಬಿಗೂ ಅದಕ್ಕೂ ರಕ್ತಸಂಬಂಧವಿಲ್ಲ, ಶ್ರುತಿ ಮಾತ್ರ ಒಂದೇ.

ನಿಸ್ಸಾನಿನಲ್ಲಿ ಈ ಪರಂಪರೆಗೆ ಎರಡು ಧಾರೆ. ಒಂದು ಸಾದಾ ಎಲ್ ಸರಣಿ. 1969ರ ಡಾಟ್ಸನ್ 240ಝಡ್ ಮೂಲಕ ಅಮೆರಿಕದ ಮನೆಮನೆಗೆ ಹೋದದ್ದು ಇದೇ. ಇನ್ನೊಂದು ಪ್ರಿನ್ಸಿನವರು ತಮ್ಮ ರೇಸು ಕಾರಿನ ಇಂಜಿನಿನಿಂದ ಇಳಿಸಿ ತಂದ ಎಸ್20, 24 ವಾಲ್ವುಗಳ ಎರಡು ಲೀಟರ್ ಇಂಜಿನ್. ಅದೇ 1969ರಲ್ಲಿ ಮೊದಲ ಸ್ಕೈಲೈನ್ ಜಿಟಿ-ಆರ್‌ಗೆ ಅದು 160 ಅಶ್ವಶಕ್ತಿ ಕೊಟ್ಟಿತು. ಒಂದು ಗೃಹಸ್ಥಾಶ್ರಮ, ಇನ್ನೊಂದು ಗರಡಿಮನೆ. 1980ರ ದಶಕದ ನಡುವೆ ಬಂದ ಆರ್‌ಬಿ ಈ ಎರಡೂ ಕೆಲಸಗಳನ್ನು ಒಂದೇ ಬೀಡುಕಬ್ಬಿಣದ ಬ್ಲಾಕಿಗೆ ಒಪ್ಪಿಸಿತು. ಹೆಸರಿನಲ್ಲೇ ಪ್ರತಿ ಇಂಜಿನಿನ ಜಾತಕವಿದೆ. ಆರ್‌ಬಿ26ಡಿಇಟಿಟಿ ಎಂದರೆ 2.6 ಲೀಟರ್, ಎರಡು ಕ್ಯಾಮ್‌ಶಾಫ್ಟ್, ಎಲೆಕ್ಟ್ರಾನಿಕ್ ಇಂಜೆಕ್ಷನ್, ಜೋಡಿ ಟರ್ಬೊ.

2.6 ಲೀಟರ್ ಎಂಬ ಆ ವಿಚಿತ್ರ ಗಾತ್ರ ಎಲ್ಲಿಂದ ಬಂತು? ರೇಸಿನ ನಿಯಮಪುಸ್ತಕದಿಂದ. ಗ್ರೂಪ್ ಎ ಎಂಬ ರೇಸು ವರ್ಗದ ನಿಯಮದ ಪ್ರಕಾರ ಟರ್ಬೊ ಇಂಜಿನಿನ ಗಾತ್ರವನ್ನು 1.7ರಿಂದ ಗುಣಿಸಿ ತರಗತಿ ನಿರ್ಧರಿಸಬೇಕು. ನಿಸ್ಸಾನಿನವರು ಮೊದಲು ನಾಲ್ಕು ಸಾವಿರ ಸಿ.ಸಿ.ಯೊಳಗೆ ಬರುವಂತೆ ಚಿಕ್ಕ ಇಂಜಿನನ್ನೇ ಯೋಚಿಸಿದ್ದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ವ್ಯವಸ್ಥೆ ಸೇರಿಸಿದ ಮೇಲೆ ಕಾರಿನ ತೂಕ ಏರಿ ಆ ಚಿಕ್ಕ ಇಂಜಿನ್ ಸಾಲದಾಯಿತು. ಆಗ 4,500ರ ತರಗತಿಗೆ ಜಿಗಿದು, ಅದರೊಳಗೆ ನಿಲ್ಲುವ 2,568 ಸಿ.ಸಿ.ಗೆ ಬಂದರು. ಗುಣಿಸಿ ನೋಡಿ, 4,366 ಆಗುತ್ತದೆ. ಪ್ರತಿ ಸಿಲಿಂಡರಿಗೂ ಬೇರೆಯದೇ ಥ್ರಾಟಲ್, ಹಾಗೆ ಆರು. ರಸ್ತೆಯ ಟರ್ಬೊ ಕಾರಿಗೆ ಅದು ದುಬಾರಿ ಒಡವೆ. ಆದರೆ ರೇಸಿನಲ್ಲಿ ಬೇಕಾದ ಭಾಗ ಮಾರಾಟದ ಕಾರಿನಲ್ಲೂ ಇರಬೇಕೆಂಬುದು ಆ ಆಟದ ಕರಾರು. ಹೀಗಾಗಿ 1989ರ ಆರ್32 ಜಿಟಿ-ಆರ್ ಕೊಂಡವರೆಲ್ಲ ತಮಗೆ ತಿಳಿಯದೆಯೇ ಒಂದು ರೇಸ್ ತಂಡಕ್ಕೆ ಚಂದಾ ಕೊಟ್ಟಂತಾಯಿತು.

ಲೆಕ್ಕ ತಪ್ಪಲಿಲ್ಲ. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಸ್ಪರ್ಧೆಯಲ್ಲಿ 29 ರೇಸು, 29 ಗೆಲುವು. ಆಸ್ಟ್ರೇಲಿಯಾದ ಬ್ಯಾಥರ್ಸ್ಟಿನಲ್ಲಿ 1991 ಮತ್ತು 1992ರಲ್ಲಿ ಜಿಮ್ ರಿಚರ್ಡ್ಸ್, ಮಾರ್ಕ್ ಸ್ಕೈಫ್ ಜೋಡಿ ಗೆದ್ದಿತು. ಅಲ್ಲಿನವರು ಈ ಕಾರನ್ನು ಗಾಡ್ಜಿಲ್ಲಾ ಎಂದು ಕರೆದದ್ದರಲ್ಲಿ ಮೆಚ್ಚುಗೆಯೂ ಇತ್ತು, ಹೊಟ್ಟೆಯುರಿಯೂ ಇತ್ತು.

ರಸ್ತೆಯ ಕಾರಿನ ಶಕ್ತಿ ಕಾಗದದ ಮೇಲೆ 280 ಅಶ್ವಶಕ್ತಿ. ಇದೂ ನಿಯಮವೇ, ಆದರೆ ಬರೆದಿಡದ ನಿಯಮ. 280ನ್ನು ಮೀರಿ ಯಾರೂ ಹೇಳಿಕೊಳ್ಳಬಾರದೆಂದು ಜಪಾನಿನ ತಯಾರಕರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಆ ಒಪ್ಪಂದ 2004ರವರೆಗೂ ನಡೆಯಿತು. ರೇಸಿನಲ್ಲಿ ಇದರ ಎರಡರಷ್ಟು ಶಕ್ತಿ ತಾಳಬೇಕಾದ ಬ್ಲಾಕನ್ನು ಮನೆಯಲ್ಲಿ ಕಟ್ಟಿಹಾಕಿದರೆ ಏನಾಗುತ್ತದೆ? ಉಳಿದ ಶಕ್ತಿ ಗ್ಯಾರೇಜುಗಳ ಪಾಲಾಗುತ್ತದೆ. ಮಿತಿಯೇ ಇಲ್ಲವೆಂಬ ಖ್ಯಾತಿ ಹುಟ್ಟಿದ್ದು ಇಲ್ಲಿ. ಎರಡು ನಿಯಮಗಳ ನಡುವಿನ ಸಂದಿಯನ್ನು ಜನ ಆಕಾಶವೆಂದು ತಿಳಿದರು.

ಆ ಸಂದಿಯೊಳಗೆ ಕೈಹಾಕಿದವರಿಗೆ ಬೇಗನೆ ಬುದ್ಧಿ ಬಂತು. ಮೊದಲು ಒಡೆಯುವುದು ಟರ್ಬೊ. ಬೇಗ ತಿರುಗಲೆಂದು ಹಗುರಾದ ಸೆರಾಮಿಕ್ ಚಕ್ರ ಹಾಕಿದ್ದರು. ಬೂಸ್ಟ್ ಏರಿಸಿದರೆ ಅದು ಪಿಂಗಾಣಿ ಬಟ್ಟಲಿನಂತೆ ಚೂರು. ನಂತರದ್ದು ಇನ್ನೂ ಗಂಭೀರ. ಇಂಜಿನ್ ವೇಗವಾಗಿ ತಿರುಗುತ್ತಲೇ ಇದ್ದರೆ ಮೇಲಿನ ಹೆಡ್‌ಗೆ ಏರುವಷ್ಟು ಆಯಿಲ್ ಕೆಳಗಿಳಿಯುವುದಿಲ್ಲ. ಹೆಡ್‌ನಲ್ಲಿ ಕೆರೆ, ಸಂಪಿನಲ್ಲಿ ಬರ. ಬೇರಿಂಗ್ ಒಣಗಿ ಇಂಜಿನ್ ಕಥೆ ಮುಗಿಯುತ್ತದೆ. ಮೊದಲ ವರ್ಷಗಳ ಕ್ರ್ಯಾಂಕ್‌ಶಾಫ್ಟಿನಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಹಿಡಿತ ತೀರಾ ಕಿರಿದು. ಉದ್ದನೆಯ ಕ್ರ್ಯಾಂಕ್ ಸಹಜವಾಗಿ ತಿರುಚಿಕೊಂಡು ನಡುಗಿದಾಗ ಪಂಪಿನ ಗೇರೇ ಪುಡಿಯಾಗುತ್ತಿತ್ತು. ನಿಸ್ಸಾನ್ ಮುಂದೆ ಅದನ್ನು ಅಗಲ ಮಾಡಿತು. ಇಂದಿಗೂ ಆರ್‌ಬಿ ಕಟ್ಟುವ ಮೆಕ್ಯಾನಿಕ್ ಮೊದಲು ವಿಚಾರಿಸುವುದು ಪಂಪು, ಸಂಪು, ಹೆಡ್‌ಗೆ ಹೋಗುವ ಆಯಿಲನ್ನು ತಡೆಹಿಡಿಯುವ ರಿಸ್ಟ್ರಿಕ್ಟರ್ ಈ ಮೂರನ್ನು. ಅಶ್ವಶಕ್ತಿಯ ಮಾತು ಆಮೇಲೆ. ಭಕ್ತರಿಗೆ ಬೇಸರವಾದೀತು, ಆದರೂ ಹೇಳಬೇಕು: ಇಂಜಿನಿಯರಿಂಗಿನ ಅಂಕ ಕೊಡುವುದಾದರೆ ಟೊಯೊಟಾದ 2ಜೆಝಡ್‌ಗೇ ಹೆಚ್ಚು. 86 ಮಿ.ಮೀ. ಬೋರು, 86 ಮಿ.ಮೀ. ಸ್ಟ್ರೋಕು, 2,997 ಸಿ.ಸಿ.; ಯಾವ ತರಗತಿಗೂ ಹೊಂದಿಸಲು ಹೋಗದ, ಕೈಬಿಚ್ಚಿ ಮಾಡಿದ ಬ್ಲಾಕು. ವಿಚಿತ್ರವೆಂದರೆ ಜಪಾನಿನ ಜಿಟಿ ಸ್ಪರ್ಧೆಗೆ ಈ ಇಂಜಿನಿನದೇ ಕಾರಾದ ಸುಪ್ರಾವನ್ನು ಇಳಿಸಿದಾಗ ಟೊಯೊಟಾ ಅದನ್ನು ಬಿಟ್ಟು ಎರಡು ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಹಾಕಿತು. ಗಟ್ಟಿಮುಟ್ಟಾದವನು ಮನೆಯಲ್ಲೇ ಉಳಿದ, ಆಯಿಲಿಗೆ ಒದ್ದಾಡುವವನು ಕಣಕ್ಕಿಳಿದ. ಸಿನಿಮಾ, ವೀಡಿಯೊ ಗೇಮುಗಳಲ್ಲಿ ಇಬ್ಬರನ್ನೂ ಕಂಡು ಬೆಳೆದ ನಮ್ಮ ಹುಡುಗರು ಯಾರು ಮೇಲೆಂದು ಜಗಳ ಕಾಯುತ್ತಾರೆ. ಎರಡರ ಬಾನೆಟ್ಟನ್ನೂ ಎತ್ತಿ ನೋಡುವ ಭಾಗ್ಯ ಅವರಲ್ಲಿ ಎಷ್ಟು ಜನರಿಗಿದೆಯೋ.

ಆದರೂ ನನ್ನ ಒಲವು ಆರ್‌ಬಿಯ ಕಡೆಗೇ. ಅದೂ ಆರ್‌ಬಿ30ರ ಕಡೆಗೆ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ ಮನೆತನದವರೇ ಕಡೆಗಣಿಸಿದ ಕೂಸು ಅದು. ಒಂದೇ ಕ್ಯಾಮ್‌ಶಾಫ್ಟ್, ಬೋರು ಆರ್‌ಬಿ26ರದೇ 86 ಮಿ.ಮೀ., ಸ್ಟ್ರೋಕು ಮಾತ್ರ 85. ಆಸ್ಟ್ರೇಲಿಯಾದಲ್ಲಿ ಸೀಸವಿಲ್ಲದ ಪೆಟ್ರೋಲು ಕಡ್ಡಾಯವಾದಾಗ ಹೋಲ್ಡನ್ ಕಂಪನಿಯ ಹಳೆಯ ಆರು ಸಿಲಿಂಡರ್ ಇಂಜಿನ್ ಅದಕ್ಕೆ ಒಗ್ಗಲಿಲ್ಲ. ಹೋಲ್ಡನ್ 1986ರಿಂದ ತನ್ನ ವಿಎಲ್ ಕಾಮಡೋರಿಗೆ ನಿಸ್ಸಾನಿನಿಂದ ಆರ್‌ಬಿ30ನ್ನು ಕೊಂಡು ಹಾಕಿತು. ಮಕ್ಕಳನ್ನು ಶಾಲೆಗೆ ಬಿಡುವ, ಸಂತೆಗೆ ಹೋಗುವ ಕಾರು. ಅದರ ಟರ್ಬೊ ರೂಪವನ್ನು ಪೊಲೀಸರೂ ಓಡಿಸಿದರು. ತಗ್ಗಿನ ಬಾನೆಟ್ಟಿಗಾಗಿ ರೇಡಿಯೇಟರನ್ನು ಕೆಳಗಿಟ್ಟದ್ದರಿಂದ ನೀರಿನಲ್ಲಿ ಗಾಳಿ ಸಿಕ್ಕಿಕೊಂಡು ಹೆಡ್ ಬಿರುಕು ಬಿಡುತ್ತಿತ್ತು. ಆ ತಪ್ಪಿನಲ್ಲಿ ಹೆಚ್ಚಿನ ಪಾಲು ಕೂರಿಸಿದ ರೀತಿಯದು, ಇಂಜಿನಿನದಲ್ಲ.

ಆಸ್ಟ್ರೇಲಿಯಾದ ಗ್ಯಾರೇಜುಗಳು ಕಂಡುಕೊಂಡದ್ದು ಇಷ್ಟು: ಮೂರು ಲೀಟರಿನ ಈ ಬಡ ಬ್ಲಾಕಿನ ಮೇಲೆ ಆರ್‌ಬಿ26ರ ಹೆಡ್ ಕೂರಿಸಬಹುದು. ಬ್ಲಾಕು ಎತ್ತರವಾದ್ದರಿಂದ ಟೈಮಿಂಗ್ ಬೆಲ್ಟ್ ಉದ್ದನೆಯದು ಬೇಕು, ಆಯಿಲ್ ದಾರಿಗಳನ್ನು ಸರಿಪಡಿಸಬೇಕು. ಅಷ್ಟು ಮಾಡಿದರೆ ಕೆಳಗಿನ ವೇಗದಲ್ಲೂ ಎಳೆಯುವ, ಟರ್ಬೊ ಎಚ್ಚರಗೊಳ್ಳಲು ಕಾಯಿಸದ ಇಂಜಿನ್ ಸಿದ್ಧ. ಗ್ರೂಪ್ ಎ ತರಗತಿಯ ಗೊಡವೆಯಿಲ್ಲದಿದ್ದರೆ ನಿಸ್ಸಾನೇ ಇಂಥದೊಂದನ್ನು ಮಾಡುತ್ತಿತ್ತೆಂದು ನನ್ನ ಊಹೆ. ಗೃಹಸ್ಥ ಮತ್ತು ಜಟ್ಟಿ ಕೊನೆಗೂ ಒಂದಾದದ್ದು ಯಾರದೋ ಊರಿನ ಶೆಡ್ಡಿನಲ್ಲಿ, ಕಾರ್ಖಾನೆಯ ಅಪ್ಪಣೆ ಇಲ್ಲದೆ.

ಉಳಿದದ್ದು ಬೇಗ ಹೇಳಿ ಮುಗಿಸಬಹುದು. ಉದ್ದ ಇಂಜಿನಿಗೆ ಉದ್ದ ಮೂತಿ ಬೇಕು. ಆರು ಸಿಲಿಂಡರನ್ನು ಎರಡು ಸಾಲಾಗಿ ಹಂಚಿದ ವಿ6 ಗಿಡ್ಡ, ಅಡ್ಡಡ್ಡವಾಗಿಯೂ ಕೂರುತ್ತದೆ, ಮುಂಚಕ್ರದ ಕಾರಿಗೂ ಹಿಂಚಕ್ರದ ಕಾರಿಗೂ ಒಂದೇ ಇಂಜಿನ್ ಸಾಕು. ಲೆಕ್ಕಿಗರು ಇಂಥದನ್ನು ಬಿಡುವುದಿಲ್ಲ. 2002ರ ಆಗಸ್ಟಿನಲ್ಲಿ ಆರ್34 ಜಿಟಿ-ಆರ್ ನಿಂತಿತು, 2007ರ ಹೊಸ ಜಿಟಿ-ಆರ್ ವಿ6 ಹೊತ್ತು ಬಂತು. 2019ರಲ್ಲಿ ಸುಪ್ರಾ ಮರಳಿದಾಗ ಅದರೊಳಗಿನ ಒಂದೇ ಸಾಲಿನ ಆರು ಬಿಎಂಡಬ್ಲ್ಯುವಿನದು. ಜಪಾನಿನಲ್ಲಿ ಹೊಸ ಇನ್‌ಲೈನ್ ಸಿಕ್ಸನ್ನು ಬುಡದಿಂದ ಮಾಡುವ ಧೈರ್ಯ ತೋರಿದ್ದು ಯಾರೂ ನಿರೀಕ್ಷಿಸದ ಹಿರೋಶಿಮಾದ ಮಜ್ದಾ. ಅದರ 3.3 ಲೀಟರಿನ ಪೆಟ್ರೋಲ್ ಟರ್ಬೊ ಸಿಎಕ್ಸ್-90 ಎಂಬ ಮೂರು ಸಾಲು ಸೀಟಿನ ಸಂಸಾರದ ಗಾಡಿಯಲ್ಲಿದೆ. ಆ ಗಾಡಿಯನ್ನು ಪಕ್ಕದಿಂದ ನೋಡಿದರೆ ಬಾನೆಟ್ಟು ಬೇಕಾದ್ದಕ್ಕಿಂತ ತುಸು ಉದ್ದವೆನಿಸುತ್ತದೆ.