ಬಚ್ಚಲ ಒಲೆಗೆ ಹೋದ ಪುಸ್ತಕ: ಮಾಟ, ಪ್ರಾರ್ಥನೆ ಮತ್ತು ಫ್ಯಾಂಟಸಿ

ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ಲೈಬ್ರರಿಯಿಂದ ಹ್ಯಾರಿ ಪಾಟರ್ ಸರಣಿಯ ಮೂರನೆಯ ಪುಸ್ತಕ ತಂದಿದ್ದೆ. ಅರ್ಧ ಓದಿ ದಿಂಬಿನ ಕೆಳಗೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದಾಗ ಅದು ಅಲ್ಲಿರಲಿಲ್ಲ. ನಮ್ಮ ದೊಡ್ಡತ್ತಿ, ಅಂದರೆ ಅಪ್ಪನ ಅಕ್ಕ, ಅದನ್ನು ಬಚ್ಚಲ ಒಲೆಗೆ ಹಾಕಿದ್ದಳು. ಹಾಕಿದ್ದನ್ನು ಮುಚ್ಚಿಡಲೂ ಇಲ್ಲ. "ಒಂದ್ ಸಲಾ ಬಾಗಲಾ ತಗದ್ರ ಮುಚ್ಚಾಕ ಬರೂದಿಲ್ಲ, ಯವ್ವಾ" ಎಂದಳು. ಅಪ್ಪ ಒಂದು ಮಾತೂ ಆಡದೆ ಲೈಬ್ರರಿಗೆ ದಂಡ ಕಟ್ಟಿ ಬಂದ. ಆ ಪುಸ್ತಕದ ಉಳಿದರ್ಧವನ್ನು ನಾನು ಓದಿದ್ದು ಬಿ.ಎ.ಗೆ ಬಂದ ಮೇಲೆ.

ನಮ್ಮದು ಧಾರವಾಡದ ಪ್ರಾಟೆಸ್ಟೆಂಟ್ ಮನೆ. ಈಗ ನಾನು ಪಿಎಚ್.ಡಿ.ಗೆಂದು ಇಂಗ್ಲಿಷಿನ ಮಕ್ಕಳ ಫ್ಯಾಂಟಸಿಯನ್ನೇ ಓದುತ್ತಿದ್ದೇನೆ. ಭಾನುವಾರ ಚರ್ಚಿನ ಬಾಗಿಲಲ್ಲಿ ಸಿಕ್ಕವರು ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗಿ, ಆಮೇಲೆ "ನಮ್ಮವರು ಅದನ್ನೆಲ್ಲ ಓದಬಹುದಾ?" ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ನನಗೆ ಇದು ನಗುವ ಪ್ರಶ್ನೆ ಅನ್ನಿಸುವುದಿಲ್ಲ. ಕತೆ ಓದುವವರನ್ನು ಏನೋ ಮಾಡುತ್ತದೆ ಎಂದು ನಂಬಿದವರು ಮಾತ್ರ ಕತೆಗೆ ಹೆದರುತ್ತಾರೆ. ಸಾಹಿತ್ಯ ವಿಭಾಗದಲ್ಲಿ ಕೂತ ನಾವೂ ಅದನ್ನು ನಂಬಿಯೇ ಸಂಬಳ, ಫೆಲೋಶಿಪ್ಪು ಪಡೆಯುವವರು.

ಆಕ್ಷೇಪಣೆಯ ಮೂಲ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ. ಕಣಿ ಹೇಳುವುದು, ಶಕುನ ನೋಡುವುದು, ಮಾಟ ಮಾಡುವುದು, ಸತ್ತವರನ್ನು ವಿಚಾರಿಸುವುದು, ಎಲ್ಲವೂ ಅಲ್ಲಿ ನಿಷಿದ್ಧ. ಜೊತೆಗೆ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವನ್ನು ತೋರಿಸುತ್ತಾರೆ: ಎಫೆಸದಲ್ಲಿ ಮಾಟ ನಡೆಸುತ್ತಿದ್ದವರು ತಮ್ಮ ಪುಸ್ತಕಗಳನ್ನು ತಂದು ಎಲ್ಲರೆದುರು ಸುಟ್ಟರು, ಅವುಗಳ ಬೆಲೆ ಲೆಕ್ಕ ಹಾಕಿದರೆ 50,000 ಬೆಳ್ಳಿ ನಾಣ್ಯವಾಯಿತು. 2001ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಅಲಾಮೊಗೊರ್ಡೊದಲ್ಲಿ ಒಂದು ಚರ್ಚಿನವರು ಪಾಟರ್ ಪುಸ್ತಕಗಳಿಗೆ ಬೆಂಕಿ ಇಟ್ಟರು. 2019ರಲ್ಲಿ ಪೋಲೆಂಡಿನಲ್ಲಿ ಪಾದ್ರಿಗಳೇ ಇಟ್ಟರು. ನಮ್ಮ ಬಚ್ಚಲ ಒಲೆಯೂ ಆ ಸಾಲಿನದೇ.

ಆದರೆ ಎಫೆಸದಲ್ಲಿ ಸುಟ್ಟದ್ದು ಕತೆಪುಸ್ತಕಗಳನ್ನಲ್ಲ. ಇಂಥ ಕೆಲಸಕ್ಕೆ ಇಂಥ ಮಂತ್ರ ಎಂದು ಹೇಳಿಕೊಡುವ ಕೈಪಿಡಿಗಳನ್ನು. ಸುಟ್ಟವರು ಅವುಗಳ ಒಡೆಯರೇ. ಬೇರೆಯವರ ದಿಂಬಿನ ಕೆಳಗಿನಿಂದ ತೆಗೆದು ಸುಟ್ಟ ಉದಾಹರಣೆ ಆ ಅಧ್ಯಾಯದಲ್ಲಿಲ್ಲ. ಇನ್ನು ಕತೆಯ ಮಾತಿಗೆ ಬಂದರೆ, ಬೈಬಲ್ ಮಾಟದ ಕತೆ ಹೇಳಲು ಹಿಂಜರಿದದ್ದೇ ಇಲ್ಲ. ಸತ್ತವರನ್ನು ಕರೆಯುವವರನ್ನು ದೇಶದಿಂದ ಹೊರಹಾಕಿದ ಅರಸ ಸೌಲ, ತಾನೇ ವೇಷ ಮರೆಸಿಕೊಂಡು ರಾತ್ರಿಯಲ್ಲಿ ಏಂದೋರಿನ ಹೆಂಗಸಿನ ಮನೆಗೆ ಹೋಗುತ್ತಾನೆ. ಸಮುವೇಲನು ಎದ್ದು ಬರುತ್ತಾನೆ. ಕೊನೆಗೆ ಆ ಹೆಂಗಸೇ ಕರು ಕೊಯ್ದು, ರೊಟ್ಟಿ ಸುಟ್ಟು, ಕುಸಿದು ಬಿದ್ದ ಅರಸನಿಗೆ ಊಟ ಹಾಕುತ್ತಾಳೆ. ಓದುವಾಗ ನಮಗೆ ಮರುಕ ಹುಟ್ಟುತ್ತದೆ, ಹುಟ್ಟಬೇಕೆಂದೇ ಹಾಗೆ ಬರೆದಿದೆ. ಕ್ರಿಸ್ಮಸ್ಸಿನಲ್ಲಿ ಕಾಗದದ ಕಿರೀಟ ಹಾಕಿಕೊಂಡು ಬರುವ ಪೂರ್ವದೇಶದವರನ್ನಂತೂ ನಮ್ಮ ಹಳೆಯ ಕನ್ನಡ ಬೈಬಲ್ 'ಜೋಯಿಸರು' ಎಂದೇ ಕರೆದಿದೆ. ಗ್ರೀಕಿನಲ್ಲಿ ಅವರಿಗಿರುವ ಹೆಸರಿನಿಂದಲೇ ಇಂಗ್ಲಿಷಿನ 'ಮ್ಯಾಜಿಕ್' ಬಂದದ್ದು.

ಇನ್ನೊಂದು ಸಂಗತಿ. ಪಾಟರ್ ಸುಟ್ಟ ಅದೇ ಮನೆಯ ಅಟ್ಟದ ಮೇಲೆ ಚಂದಮಾಮದ ಕಟ್ಟುಗಳಿದ್ದವು. ತ್ರಿವಿಕ್ರಮ ತಿಂಗಳು ತಿಂಗಳೂ ಶವ ಹೊತ್ತು ನಡೆಯುತ್ತಿದ್ದ, ಬೇತಾಳ ಮಾತಾಡುತ್ತಿತ್ತು. ಅದನ್ನು ನನಗೆ ಓದಿ ಹೇಳುತ್ತಿದ್ದವಳು ದೊಡ್ಡತ್ತಿಯೇ! ಬೇತಾಳನಿಗೆ ಹೆದರದವಳು ಪಾಟರನಿಗೆ ಹೆದರಿದಳು, ಯಾಕೆಂದರೆ ಆ ಹೆದರಿಕೆ ಪ್ರಾರ್ಥನಾ ಕೂಟವೊಂದರಲ್ಲಿ ಹಂಚಿದ ಕರಪತ್ರದ ಮೂಲಕ ಬಂದದ್ದು. ಆ ಕರಪತ್ರ ಇಂಗ್ಲಿಷಿನಿಂದ ಅನುವಾದವಾಗಿತ್ತು.

ಓದಬಹುದು ಎನ್ನುವವರ ವಾದವೂ ನನಗೆ ಅಷ್ಟೇನೂ ಹಿಡಿಸಿಲ್ಲ. ಅವರು ಸಾಮಾನ್ಯವಾಗಿ ಲೇಖಕರ ಜಾತಕ ತೆಗೆಯುತ್ತಾರೆ. ಟೋಲ್ಕಿನ್ ಕ್ಯಾಥೊಲಿಕ್, ಸಿ. ಎಸ್. ಲೂಯಿಸ್ ಆಂಗ್ಲಿಕನ್, ಆದ್ದರಿಂದ ಅವರ ಮಾಯಾಜಗತ್ತು ಸುರಕ್ಷಿತ. ರೌಲಿಂಗ್ ಹಾಗಲ್ಲ, ಆದ್ದರಿಂದ ಅಪಾಯ. ರೌಲಿಂಗಳ ಏಳನೆಯ ಪುಸ್ತಕದಲ್ಲಿ (2007) ಎರಡು ಸಮಾಧಿಗಳ ಮೇಲೆ ಹೊಸ ಒಡಂಬಡಿಕೆಯ ಎರಡು ಮಾತುಗಳನ್ನು ಕೆತ್ತಿದೆ ಎಂದರೆ ಇವರಿಗೆ ತಬ್ಬಿಬ್ಬಾಗುತ್ತದೆ. ಲೇಖಕನ ಪಂಥ ನೋಡಿ ಪುಸ್ತಕಕ್ಕೆ ಸರ್ಟಿಫಿಕೇಟು ಕೊಡುವುದಾದರೆ ವಿಮರ್ಶೆ ಯಾಕೆ ಬೇಕು? ಕತೆಯೊಳಗೆ ಮಾಟ ಏನು ಮಾಡುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಅದನ್ನು ಕೇಳಿದವನು ಟೋಲ್ಕಿನ್. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಮೊದಲ ಸಂಪುಟದಲ್ಲಿ ಎಲ್ಫ್ ಜನರ ಮ್ಯಾಜಿಕ್ ನೋಡುವ ಆಸೆಯಲ್ಲಿರುವ ಸ್ಯಾಮ್‌ಗೆ ಗೆಲಾಡ್ರಿಯಲ್ ಹೇಳುವ ಮಾತಿನ ಸಾರ ಇದು: ನಿಮ್ಮವರು ಯಾವುದಕ್ಕೆ ಆ ಹೆಸರು ಕೊಡುತ್ತಾರೋ ನನಗೆ ಸರಿಯಾಗಿ ತಿಳಿಯದು, ವೈರಿಯ ಮೋಸಕ್ಕೂ ಅದೇ ಹೆಸರು ಹೇಳುತ್ತಾರಲ್ಲ. 1951ರ ಸುಮಾರಿಗೆ ಮಿಲ್ಟನ್ ವಾಲ್ಡ್‌ಮನ್ ಎಂಬ ಪ್ರಕಾಶಕನಿಗೆ ಬರೆದ ಉದ್ದನೆಯ ಪತ್ರದಲ್ಲಿ ಟೋಲ್ಕಿನ್ ಇದನ್ನು ಬಿಡಿಸಿ ಹೇಳುತ್ತಾನೆ. ತನ್ನ ಇಚ್ಛೆ ಬೇಗ ನೆರವೇರಬೇಕು, ಲೋಕ ಮತ್ತು ಇತರರ ಮನಸ್ಸು ತನ್ನ ಕೈಯಲ್ಲಿರಬೇಕು ಎಂಬ ಹಂಬಲ ಒಂದು. ಅದನ್ನು ಅವನು ಯಂತ್ರದ ಜೊತೆಗೇ ಇಡುತ್ತಾನೆ. ಎಲ್ಫ್‌ಗಳದ್ದು ಕಲೆ; ಅದಕ್ಕೆ ಯಾರನ್ನೂ ಆಳುವ ಆಸೆಯಿಲ್ಲ.

ಈ ಕಷ್ಟ ಕನ್ನಡದಲ್ಲಿ ಬೇರೆ ರೀತಿ ಕಾಣುತ್ತದೆ. ನಮ್ಮಲ್ಲಿ ಮೋಡಿ, ಇಂದ್ರಜಾಲ, ಮಾಯೆ, ಮಂತ್ರ ಎಂದು ಬೇರೆ ಬೇರೆ ಮಾತುಗಳಿವೆ, ಇಂಗ್ಲಿಷಿನಷ್ಟು ಬಡತನವಿಲ್ಲ. ಆದರೆ 'ಮಾಟ'ವನ್ನು ನೋಡಿ. ಓಡುವುದರಿಂದ ಓಟ, ನೋಡುವುದರಿಂದ ನೋಟ ಬಂದ ಹಾಗೆ ಮಾಡುವುದರಿಂದ ಮಾಟ. ಚೆನ್ನಾಗಿ ಮಾಡಿದ್ದು ಎಂಬ ಅರ್ಥ ಅದಕ್ಕಿದೆ. ಮೂಗು ಮಾಟವಾಗಿದೆ ಎಂದು ಇವತ್ತಿಗೂ ಹೊಗಳುತ್ತೇವೆ. ಅದೇ ಬಾಯಲ್ಲಿ, ಅವರಿಗೆ ಯಾರೋ ಮಾಡಿಸಿದ್ದಾರೆ ಎಂದು ಪಿಸುಗುಟ್ಟುತ್ತೇವೆ. ಏನನ್ನು ಮಾಡಿಸಿದ್ದಾರೆ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಟೋಲ್ಕಿನ್ ಒಂದು ಪತ್ರದ ತುಂಬ ಹೆಣಗಿದ್ದ ಎರಡೂ ಅರ್ಥಗಳು ನಮ್ಮ ಒಂದು ಪದದಲ್ಲಿ ಒಟ್ಟಿಗೆ ಕೂತಿವೆ. ಒಂದು ವಸ್ತುವನ್ನು ಅಂದವಾಗಿ ಮಾಡುವುದು. ಇನ್ನೊಬ್ಬರಿಗೆ, ಅವರ ಇಚ್ಛೆ ಮೀರಿ, ಏನನ್ನೋ ಮಾಡಿಸುವುದು. ಧರ್ಮೋಪದೇಶಕಾಂಡ ನಿಷೇಧಿಸುವುದು ಎರಡನೆಯದನ್ನು. ಅದೇ ಅಧ್ಯಾಯದಲ್ಲಿ, ನಿಷೇಧದ ಪಟ್ಟಿಯ ಬೆನ್ನಿಗೇ, ದೇವರು ಒಬ್ಬ ಪ್ರವಾದಿಯನ್ನು ಕಳಿಸುತ್ತಾನೆ, ಅವನಿಗೆ ಕಿವಿಗೊಡಿ ಎಂಬ ಮಾತು ಬರುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೂ ಬೇಕಾದ್ದನ್ನು ಕಿತ್ತುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅಲ್ಲಿನ ವಿಷಯ.

ಈ ವ್ಯತ್ಯಾಸವನ್ನು ಲೂಯಿಸ್‌ನ 'ದಿ ಮ್ಯಾಜಿಶಿಯನ್ಸ್ ನೆಫ್ಯೂ'ನಷ್ಟು ಚೆನ್ನಾಗಿ ಕಟ್ಟಿದ ಮಕ್ಕಳ ಪುಸ್ತಕ ನನಗೆ ಗೊತ್ತಿಲ್ಲ. ನಾರ್ನಿಯಾ ಸರಣಿಯಲ್ಲಿ ಆರನೆಯದಾಗಿ 1955ರಲ್ಲಿ ಬಂದದ್ದು. ಡಿಗರಿ ಎಂಬ ಹುಡುಗನ ಅಪ್ಪ ಇಂಡಿಯಾದಲ್ಲಿದ್ದಾನೆ (ಆ ಕಾಲದ ಇಂಗ್ಲಿಷ್ ಕತೆಗಳಲ್ಲಿ ಅಪ್ಪಂದಿರನ್ನು ದೂರ ಇಡಲು ನಮ್ಮ ದೇಶ ತುಂಬ ಉಪಯೋಗಕ್ಕೆ ಬಂದಿದೆ), ತಾಯಿ ಲಂಡನ್ನಿನಲ್ಲಿ ಸಾಯುವ ಸ್ಥಿತಿಯಲ್ಲಿ ಮಲಗಿದ್ದಾಳೆ. ಸೋದರಮಾವ ಆ್ಯಂಡ್ರೂ ಮಾಂತ್ರಿಕ. ತಾನು ಹೋಗುವ ಧೈರ್ಯವಿಲ್ಲದೆ ಪಕ್ಕದ ಮನೆಯ ಹುಡುಗಿ ಪಾಲಿಗೆ ಉಂಗುರ ಮುಟ್ಟಿಸಿ ಇನ್ನೊಂದು ಲೋಕಕ್ಕೆ ಕಳಿಸಿಬಿಡುತ್ತಾನೆ. ಅದು ತಪ್ಪಲ್ಲವೇ ಎಂದರೆ, ಸಾಮಾನ್ಯರ ನೀತಿ ತನ್ನಂಥ ಜ್ಞಾನಿಗೆ ಅನ್ವಯಿಸದು ಎನ್ನುತ್ತಾನೆ. ಮುಂದೆ, ಒಂದೇ ಶಬ್ದ ಉಚ್ಚರಿಸಿ ತನ್ನ ಇಡೀ ಲೋಕವನ್ನು ಕೊಂದ ರಾಣಿ ಜೇಡಿಸ್ ಸಿಗುತ್ತಾಳೆ. ಅವಳೂ ಅದೇ ಮಾತಾಡುತ್ತಾಳೆ, ಮತ್ತು ಇದು ಮಾವನ ಮಾತೇ ಎಂದು ಹುಡುಗನಿಗೆ ಹೊಳೆಯುತ್ತದೆ. ಮಾಟ ಮಾಡುವವರನ್ನು ಗುರುತಿಸುವುದು ಹೇಗೆಂದು ಇದಕ್ಕಿಂತ ಸರಳವಾಗಿ ಹೇಳಿಕೊಡಲು ಯಾವ ಕರಪತ್ರಕ್ಕೂ ಆಗಿಲ್ಲ.

ಆದರೆ ಪುಸ್ತಕದ ಜೀವ ಇರುವುದು ಸೇಬಿನ ಪ್ರಸಂಗದಲ್ಲಿ. ಸಿಂಹ ಆಸ್ಲಾನ್ ದೂರದ ತೋಟದಿಂದ ಒಂದು ಹಣ್ಣು ತರಲು ಡಿಗರಿಗೆ ಹೇಳುತ್ತಾನೆ. ನಾನು ತರುತ್ತೇನೆ, ನೀನು ನನ್ನ ತಾಯಿಯನ್ನು ಉಳಿಸು ಎಂದು ಕೇಳಬೇಕೆನ್ನಿಸುತ್ತದೆ ಹುಡುಗನಿಗೆ. ಈ ಸಿಂಹದ ಜೊತೆ ಚೌಕಾಸಿ ನಡೆಯದು ಎಂದು ತಡೆದುಕೊಳ್ಳುತ್ತಾನೆ. ಅಳುತ್ತಾ ತಲೆ ಎತ್ತಿದರೆ ಸಿಂಹದ ಕಣ್ಣಲ್ಲೂ ನೀರು. ತೋಟದಲ್ಲಿ ಜೇಡಿಸ್ ಕಾದಿದ್ದಾಳೆ: ಹಣ್ಣು ಕೈಯಲ್ಲೇ ಇದೆ, ನೇರ ಮನೆಗೆ ಒಯ್ದು ತಾಯಿಗೆ ಕೊಡು. ಅವಳು ಹೇಳುತ್ತಿರುವುದು ಸುಳ್ಳಲ್ಲ, ಇದನ್ನು ಗಮನಿಸಬೇಕು. ಕದ್ದ ಹಣ್ಣೂ ತಾಯಿಯನ್ನು ಗುಣಪಡಿಸುತ್ತಿತ್ತು ಎಂದು ಆಮೇಲೆ ಆಸ್ಲಾನ್ ಒಪ್ಪುತ್ತಾನೆ; ಆದರೆ ಅದರಿಂದ ಸುಖ ಬರುತ್ತಿರಲಿಲ್ಲ ಎನ್ನುತ್ತಾನೆ. ಪಾಲಿಯನ್ನು ಇಲ್ಲೇ ಬಿಟ್ಟು ಹೋಗು ಎಂದು ಜೇಡಿಸ್ ಬಾಯಿ ತಪ್ಪಿ ಹೇಳಿದಾಗ ಮಾತ್ರ ಹುಡುಗನ ಕಣ್ಣು ತೆರೆಯುತ್ತದೆ. ಹಣ್ಣನ್ನು ಸಿಂಹಕ್ಕೆ ಒಪ್ಪಿಸುತ್ತಾನೆ, ತಾಯಿಯ ಆಸೆ ಬಿಟ್ಟು. ಆ ಹಣ್ಣಿನಿಂದ ಬೆಳೆದ ಮರದಿಂದ ಅವನಿಗೆ ಇನ್ನೊಂದು ಹಣ್ಣು ಸಿಗುತ್ತದೆ, ಕೇಳದೆ. ತಾಯಿ ಉಳಿಯುತ್ತಾಳೆ.

ಲೂಯಿಸ್‌ನ ತಾಯಿ ಉಳಿದಿರಲಿಲ್ಲ. 1908ರಲ್ಲಿ, ಅವನಿಗೆ ಒಂಬತ್ತು ವರ್ಷವಾಗಿದ್ದಾಗ, ಕ್ಯಾನ್ಸರಿನಿಂದ ತೀರಿಕೊಂಡಳು. ಈ ಪುಸ್ತಕ ಬಂದ ವರ್ಷವೇ ಬಂದ ಆತ್ಮಕತೆ 'ಸರ್‌ಪ್ರೈಸ್ಡ್ ಬೈ ಜಾಯ್'ನಲ್ಲಿ ಅವನು ಆಗಿನ ತನ್ನ ಪ್ರಾರ್ಥನೆಯ ಬಗ್ಗೆ ಬರೆಯುತ್ತಾನೆ. ಆಗ ತಾನು ದೇವರನ್ನು ರಕ್ಷಕನೆಂದಾಗಲಿ ನ್ಯಾಯಾಧಿಪತಿಯೆಂದಾಗಲಿ ಕರೆಯಲಿಲ್ಲ, ಮಾಂತ್ರಿಕನೆಂದು ಕರೆದೆ. ಕೆಲಸ ಮುಗಿಸಿ ಅವನು ಹೊರಟುಹೋಗಲಿ ಎಂದಷ್ಟೇ ತನಗಿದ್ದದ್ದು, ಎನ್ನುತ್ತಾನೆ. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದ ದಿನ ನಾನು ಥೀಸಿಸ್ಸಿನ ಒಂದು ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿ ಮೊದಲಿನಿಂದ ಬರೆಯಬೇಕಾಯಿತು. ಮಾಟ ಕತೆಯಲ್ಲಿರುತ್ತದೆ, ಪ್ರಾರ್ಥನೆ ನಮ್ಮಲ್ಲಿರುತ್ತದೆ ಎಂದುಕೊಂಡು ಬರೆದದ್ದಾಗಿತ್ತು ಅದು.

ಹಾಗಲ್ಲವೆಂದು ನನಗೆ ಮೊದಲೇ ಗೊತ್ತಿರಬೇಕಿತ್ತು. ಎಂ.ಎ. ಎರಡನೇ ವರ್ಷದಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಪರಿಚಯದವರೊಬ್ಬರು ದೂರದ ಊರಿನ ಸಭೆಯಿಂದ ಪ್ರಾರ್ಥಿಸಿದ ಎಣ್ಣೆಯ ಬಾಟಲಿ ತಂದರು. ಏಳು ರಾತ್ರಿ ಹಚ್ಚಬೇಕು, ಹಚ್ಚುವಾಗ ಇಂಥ ವಚನವನ್ನು ಇಷ್ಟು ಸಲ ಹೇಳಬೇಕು, ನಡುವೆ ಯಾರಿಗೂ ಸಂಶಯ ಬರಬಾರದು, ಕಾಣಿಕೆಯ ಲಕೋಟೆಯನ್ನು ಮೊದಲೇ ಕಳಿಸಬೇಕು. ನಾನು ಲಕೋಟೆಗೆ ದುಡ್ಡು ಹಾಕಿಬಿಟ್ಟಿದ್ದೆ. ನನ್ನನ್ನು ತಡೆದವಳು ದೊಡ್ಡತ್ತಿ. "ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡಾಕ ಬೈಬಲ್‌ದಾಗ ಐತಿ, ಹೌದು. ಆದ್ರ ಏಳ್ ರಾತ್ರಿ ಹಚ್ಚೇನಿ, ರೊಕ್ಕಾ ಕಳಸೇನಿ, ನೀ ಈಗ ಮಾಡಾಕಬೇಕು ಅಂತ ದೇವ್ರಿಗೆ ಅಂದ್ರ ಅದು ಮಾಟಾ, ಯವ್ವಾ" ಎಂದಳು. ಬಾಟಲಿಯನ್ನು ತಂದವರಿಗೇ ವಾಪಸು ಕೊಟ್ಟಳು. ಅವತ್ತು ರಾತ್ರಿ ಅವ್ವನ ಕಾಲು ಒತ್ತುತ್ತಾ ಕೂತಳು. ಅವ್ವ ಒಂದೂವರೆ ತಿಂಗಳು ಇದ್ದಳು.

ಪುಸ್ತಕ ಸುಟ್ಟ ಕೈಯದೇ ಈ ವಿವೇಕ ಎಂಬುದನ್ನು ನಾನು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ಅವಳ ಹೆದರಿಕೆ ಸರಿಯಾದದ್ದೇ ಆಗಿತ್ತು, ಅದು ಹೋಗಿ ಬಿದ್ದ ಜಾಗ ತಪ್ಪು. ಲೂಯಿಸ್‌ನನ್ನು ಓದದೆ ಅವಳು ಲೂಯಿಸ್‌ ಮುಟ್ಟಿದಲ್ಲಿಗೆ ಮುಟ್ಟಿದ್ದಳು. ನಾನು ಇಬ್ಬರನ್ನೂ ಬಲ್ಲವಳು ಲಕೋಟೆ ಅಂಟಿಸುತ್ತಿದ್ದೆ.

ಹಾಗಾದರೆ ಪಾಟರ್? ಸರಣಿಯ ಬಹುಭಾಗ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ. ಸಾವನ್ನು ಗೆಲ್ಲಲು ಆತ್ಮವನ್ನು ತುಂಡು ಮಾಡಿ ವಸ್ತುಗಳಲ್ಲಿ ಅಡಗಿಸುವ ವೋಲ್ಡೆಮಾರ್ಟ್ ಒಂದು ಕಡೆ. ಸತ್ತ ತಂದೆತಾಯಿಯರನ್ನು ಕರೆಯುವ ಕಲ್ಲು ಕೈಗೆ ಬಂದರೂ ಸಾವಿಗೆ ಎದುರಾಗುವ ಮುನ್ನ ಅದನ್ನು ಕಾಡಿನಲ್ಲಿ ಬಿಟ್ಟು ನಡೆಯುವ ಹ್ಯಾರಿ ಇನ್ನೊಂದು ಕಡೆ. ಏಂದೋರಿಗೆ ಹೋದ ಸೌಲನಿಗಿಂತ ಈ ಹುಡುಗ ಮುಂದೆ ಹೋಗಿದ್ದಾನೆ. ಆದರೆ ಏಳನೆಯ ಪುಸ್ತಕದಲ್ಲಿ ಒಂದು ಜಾಗವಿದೆ. ಇನ್ನೊಬ್ಬರನ್ನು ಹಿಂಸಿಸುವ ಶಾಪ ಫಲಿಸಬೇಕಾದರೆ ಹಿಂಸಿಸುವ ಆಸೆ ನಿಜವಾಗಿ ಇರಬೇಕು ಎಂದು ಐದನೆಯ ಪುಸ್ತಕವೇ ಹೇಳಿತ್ತು. ಈಗ, ಗುರು ಮೆಗೊನಗಲ್ ಮುಖಕ್ಕೆ ಉಗುಳಿದವನ ಮೇಲೆ ಹ್ಯಾರಿ ಅದನ್ನು ಪ್ರಯೋಗಿಸುತ್ತಾನೆ, ಅದು ಫಲಿಸುತ್ತದೆ. ಗುರುಗಳು ಅವನ ದಾಕ್ಷಿಣ್ಯವನ್ನು ಮೆಚ್ಚುತ್ತಾರೆ, ಕತೆ ಮುಂದೆ ಓಡುತ್ತದೆ. ಆ ಆಸೆ ಅವನಲ್ಲಿ ಎಲ್ಲಿಂದ ಬಂತು, ಆಮೇಲೆ ಏನಾಯಿತು ಎಂದು ರೌಲಿಂಗ್ ತಿರುಗಿ ನೋಡುವುದಿಲ್ಲ. ಪಾಟರನನ್ನು ಸುಟ್ಟವರಾಗಲಿ ಹೊಗಳಿದವರಾಗಲಿ ಈ ಪುಟದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ. ಕ್ರೈಸ್ತ ಓದುಗರಿಗೆ ತಕರಾರು ಎತ್ತಲೇಬೇಕಿದ್ದರೆ, ಮಂತ್ರದಂಡ ಬಿಟ್ಟು ಇಲ್ಲಿ ಎತ್ತಬೇಕು.

ಕಳೆದ ಮಳೆಗಾಲದಲ್ಲಿ ದೊಡ್ಡತ್ತಿಯ ಕಣ್ಣಿನ ಪೊರೆ ತೆಗೆಸಿದೆವು. ಓದುವಂತಿಲ್ಲ, ಟೀವಿ ನೋಡುವಂತಿಲ್ಲ. ಹೊತ್ತು ಕಳೆಯಲೆಂದು ಡಿಗರಿಯ ಕತೆಯನ್ನು ನಮ್ಮ ಮಾತಿನಲ್ಲಿ ಮೂರು ಸಂಜೆ ಹೇಳಿದೆ. ಸೇಬಿನ ಜಾಗಕ್ಕೆ ಬಂದಾಗ ಅವಳು ಅವ್ವನ ಫೋಟೋದ ಕಡೆಗೆ ತಿರುಗಿ ಕೂತಳು. ಮುಗಿದ ಮೇಲೆ ತುಂಬ ಹೊತ್ತು ಏನೂ ಅನ್ನಲಿಲ್ಲ. ಮರುದಿನ ಚಹಾ ಕುಡಿಯುವಾಗ, "ಅವತ್ತ ಒಲೀಗೆ ಹಾಕಿದ್ನೆಲ್ಲಾ, ಅದರಾಗ ಏನ್ ಇತ್ತು?" ಎಂದಳು. ತಾಯಿ ಸಾಯುವಾಗಿನ ದನಿ ಮತ್ತೆ ಮತ್ತೆ ಕೇಳಿಸಿಕೊಳ್ಳುವ ಒಬ್ಬ ಹುಡುಗನ ಕತೆ ಎಂದು ಶುರು ಮಾಡಿದೆ.